ಮಾತಾಡಿದವರ ಪಟ್ಟಿ

ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯ ಎಂಬುದು ಭೂಮಿಯ ಮೇಲೆ ಇಲ್ಲ. ಇದ್ದರೂ ಅದು ಬಹಳ ದಿನ ಹಾಗೇ ಉಳಿಯುವುದಿಲ್ಲ. ಎರಡು ದಿನದ ತರಬೇತಿ ಕೊಟ್ಟು ಗೊತ್ತು ಮಾಡಿಸಿಬಿಡುತ್ತಾರೆ. ನಾನು ಓದಿದ್ದು ಗಣಿತ. ಆದರೆ ಈ ಇಪ್ಪತ್ತಾರು ವರ್ಷಗಳಲ್ಲಿ ಕೈ ತೊಳೆಯುವ ಕ್ರಮ, ಜಂತುಹುಳುವಿನ ಮಾತ್ರೆ ನುಂಗಿಸುವ ಕ್ರಮ, ಮತದಾರರ ಪಟ್ಟಿ ತಿದ್ದುವ ಕ್ರಮ, ಶಾಲೆಯ ಹಿತ್ತಲಲ್ಲಿ ನುಗ್ಗೆ ಗಿಡ ಬೆಳೆಸುವ ಕ್ರಮ, ಎಲ್ಲದರಲ್ಲೂ ತರಬೇತಿ ಪಡೆದಿದ್ದೇನೆ. ನಮ್ಮ ಗುಂಡ್ಲುಪೇಟೆ ಪಕ್ಕದ ಮದ್ದೂರು ಕಾಡಿನಿಂದ ಆನೆ ಇಳಿದು ಬಂದರೆ ಮಕ್ಕಳನ್ನು ಯಾವ ಕೊಠಡಿಗೆ ಸೇರಿಸಬೇಕು ಎಂಬುದಕ್ಕೂ ಒಮ್ಮೆ ಅರ್ಧ ದಿನದ ತರಬೇತಿ ಆಗಿತ್ತು. ಆನೆ ಇನ್ನೂ ಬಂದಿಲ್ಲ. ಬಂದರೆ ನಾನು ಸಿದ್ಧ, ಪ್ರಮಾಣಪತ್ರ ಬೀರುವಿನಲ್ಲಿದೆ. ಹಾಗಾಗಿ ಹದಿಹರೆಯದ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಚಾಮರಾಜನಗರದಲ್ಲಿ ಎರಡು ದಿನದ ತರಬೇತಿ, ಶಾಲೆಗೊಬ್ಬರು ಕಡ್ಡಾಯ ಎಂದು ಸುತ್ತೋಲೆ ಬಂದಾಗ ನನಗೆ ಅಂಥ ಗಾಬರಿಯೇನೂ ಆಗಲಿಲ್ಲ. ವಿಜ್ಞಾನದ ಮೇಡಂ ಹೆರಿಗೆ ರಜೆಯಲ್ಲಿದ್ದರು. ಮುಖ್ಯೋಪಾಧ್ಯಾಯಿನಿಯವರು ಸಿಬ್ಬಂದಿ ಕೊಠಡಿಯನ್ನೆಲ್ಲ ಒಂದು ಸುತ್ತು ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನೀವೇ ಸರಿ ಸಾರ್, ನೀವು ಯಾರ ಹತ್ತಿರವೂ ಮಾತಾಡುವುದಿಲ್ಲ, ಮಕ್ಕಳ ಗುಟ್ಟು ನಿಮ್ಮ ಹತ್ತಿರ ಭದ್ರವಾಗಿರುತ್ತದೆ ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ನಾನು ಮಾತು ಕಡಿಮೆಯ ಮನುಷ್ಯ ಎಂಬುದು ನಿಜ. ಗಣಿತಕ್ಕೆ ಮಾತು ಬೇಕಾಗುವುದೂ ಇಲ್ಲ. ಸೀಮೆಸುಣ್ಣ ಇದ್ದರೆ ಸಾಕು. ನನ್ನ ಪಾಠದ ಕ್ರಮವನ್ನು ಇಲ್ಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ಅದು ನನ್ನ ಕೊರಳಿಗೇ ಬರುತ್ತದೆ. ವಾರದಲ್ಲಿ ನಾಲ್ಕು ದಿನ ನಾನು ಬೋರ್ಡಿನ ಮೇಲೆ ಲೆಕ್ಕ ಮಾಡುತ್ತೇನೆ. ಬುಧವಾರ, ಶುಕ್ರವಾರ ಮೊದಲನೇ ಪಿರೀಡಿನಲ್ಲಿ ಮಕ್ಕಳು ಮಾಡಬೇಕು. ಹೆಸರು ಕರೆದರೆ ಪಕ್ಷಪಾತ ಎನ್ನುತ್ತಾರೆಂದು ರೋಲ್ ನಂಬರ್ ಕರೆಯುತ್ತೇನೆ. ಕರೆದವರು ಬಂದು ಸೀಮೆಸುಣ್ಣ ತೆಗೆದುಕೊಂಡು ಶುರು ಮಾಡಬೇಕು. ನಾನು ಬೆತ್ತ ಹಿಡಿದವನಲ್ಲ. ಬೈಯುವುದೂ ಇಲ್ಲ. ಕಿಟಕಿಯ ಪಕ್ಕ ಕೈಕಟ್ಟಿ ನಿಂತು, ಲೆಕ್ಕ ಮುಗಿಯುವವರೆಗೆ ಸುಮ್ಮನೆ ನೋಡುತ್ತಿರುತ್ತೇನೆ, ಅಷ್ಟೆ. ತಪ್ಪು ಮಾಡಿದರೂ ನೋಡುತ್ತಿರುತ್ತೇನೆ, ಸರಿ ಮಾಡಿದರೂ ನೋಡುತ್ತಿರುತ್ತೇನೆ. ನಮ್ಮ ಕಾಲದಲ್ಲಿ ಮೇಷ್ಟ್ರುಗಳು ಕಿವಿ ಹಿಂಡಿ ಎತ್ತಿದ್ದನ್ನು ನೆನೆಸಿಕೊಂಡಾಗ ನಾನು ಎಷ್ಟು ಮೃದು ಸ್ವಭಾವದವನು ಎಂದು ನನಗೇ ಹೆಮ್ಮೆಯಾಗುವುದುಂಟು.

ತರಬೇತಿಗೆ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋದೆ. ಪಾಠ ಹೇಳಲು ಬಂದಿದ್ದಾಕೆ ಆಪ್ತಸಮಾಲೋಚಕಿ. ನನ್ನ ಹಳೆಯ ವಿದ್ಯಾರ್ಥಿನಿಯಾಗಬಹುದಾದಷ್ಟು ಚಿಕ್ಕ ವಯಸ್ಸು. ಬಹಳ ತಾಳ್ಮೆಯವಳು. ಊಟವಾದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ನಿಮಗೆ ನೆಮ್ಮದಿ ಕೊಡುವ ಒಂದು ಜಾಗವನ್ನು ನೆನೆಸಿಕೊಳ್ಳಿ ಎಂದಳು. ಮುದ್ದೆ ಉಂಡ ಅರವತ್ತು ಜನ ಮೇಷ್ಟ್ರುಗಳಿಗೆ ಕಣ್ಣು ಮುಚ್ಚಿ ಎನ್ನಬಾರದು. ಹಿಂದಿನ ಸಾಲಿನಿಂದ ಗೊರಕೆ ಕೇಳಿಸತೊಡಗಿತು. ಆಕೆ ಬೇಸರಿಸದೆ, ನಿದ್ದೆಯೂ ಮನಸ್ಸಿನ ಒಂದು ಅಗತ್ಯ ಎಂದು ಅದನ್ನೂ ಪಾಠಕ್ಕೆ ಸೇರಿಸಿಕೊಂಡಳು. ಆಮೇಲೆ ಜೋಡಿ ಜೋಡಿಯಾಗಿ ಕೂತು ಒಬ್ಬರು ಹೇಗಿದ್ದೀರಿ ಎಂದು ಕೇಳಬೇಕು, ಇನ್ನೊಬ್ಬರು ಮೂರು ನಿಮಿಷ ಮಾತಾಡಬೇಕು ಎಂದಳು. ನನಗೆ ಜೋಡಿಯಾಗಿದ್ದವರು ಉಡಿಗಾಲದ ಕಡೆಯ ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು. ಹೇಗಿದ್ದೀರಿ ಸಾರ್ ಎಂದರು. ಚೆನ್ನಾಗಿದ್ದೀನಿ ಎಂದೆ. ಉಳಿದ ಎರಡು ಮುಕ್ಕಾಲು ನಿಮಿಷ ಇಬ್ಬರೂ ಫ್ಯಾನು ನೋಡುತ್ತ ಕುಳಿತಿದ್ದೆವು. ಎರಡನೆಯ ದಿನ ಸಂಜೆ ಆಕೆ ಕೊನೆಯದಾಗಿ ಹೇಳಿದ್ದು ಇಷ್ಟು: ಮಕ್ಕಳು ಮಾತಾಡಲಿ, ನೀವು ಕೇಳಿ. ಅದನ್ನು ನಾನು ಅಲ್ಲಿ ಕೊಟ್ಟಿದ್ದ ಕೈಪಿಡಿಯ ಅಂಚಿನಲ್ಲಿ ಬರೆದುಕೊಂಡು ಸ್ಕೇಲಿಟ್ಟು ಅಡಿಗೆರೆ ಎಳೆದೆ. ಮನೆಗೆ ಬಂದು, ಇನ್ನು ಮೇಲೆ ನಮ್ಮ ಶಾಲೆಯ ಮಾನಸಿಕ ಆರೋಗ್ಯ ನನ್ನ ಜವಾಬ್ದಾರಿ ಎಂದು ಹೆಂಡತಿಗೆ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಿಮ್ಮದಾ?" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅವಳಕ್ಕನಿಗೆ ಫೋನು ಮಾಡಿದಳು. ಒಳಗಿನಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಮೊದಲ ಪಾಠ ಒಂದು ಗುರುವಾರ ಮಧ್ಯಾಹ್ನ, ಹತ್ತನೆಯ ತರಗತಿಗೆ. ಅದಾದ ಮೇಲೆ ಅವರಿಗೆ ಆಟದ ಪಿರೀಡು. ನಾನು ಎಂದಿನಂತೆ ಬೋರ್ಡಿನ ಮಧ್ಯದಲ್ಲಿ ಶೀರ್ಷಿಕೆ ಬರೆದು, ಮಾನಸಿಕ ಆರೋಗ್ಯ ಎಂದರೇನು ಎಂಬುದಕ್ಕೆ ಉತ್ತರ ಬರೆಸಿದೆ, ಅದರ ಐದು ಲಕ್ಷಣಗಳನ್ನು ಬರೆಸಿದೆ. ಮೂವತ್ತೆಂಟು ಜನ ತಲೆ ಎತ್ತದೆ ಬರೆದುಕೊಂಡರು. ಕೊನೆಗೆ ಒಬ್ಬ ಎದ್ದು, ಸಾ, ಇದು ಪರೀಕ್ಷೆಗೆ ಬತ್ತದಾ ಎಂದು ಕೇಳಿದ. ಬರುವುದಿಲ್ಲ ಎಂದೆ. ಮೂವತ್ತೆಂಟು ಪೆನ್ನುಗಳಿಗೂ ಒಟ್ಟಿಗೇ ಮುಚ್ಚಳ ಬಿತ್ತು. ಇನ್ನು ನೀವು ಮಾತಾಡಿ, ಮನಸ್ಸಿನಲ್ಲಿ ಏನಿದೆಯೋ ಹೇಳಿ, ನಾನು ಕೇಳುತ್ತೇನೆ ಎಂದು ಹೇಳಿ ಕಿಟಕಿಯ ಪಕ್ಕ ಹೋಗಿ ಕೈಕಟ್ಟಿ ನಿಂತೆ. ತರಗತಿ ಗಪ್‌ಚಿಪ್ಪಾಯಿತು. ರಸ್ತೆಯಾಚೆಯ ಸೂರ್ಯಕಾಂತಿ ಹೊಲದಲ್ಲಿ ಕೇರಳದ ಕಾರಿನವರು ಫೋಟೋ ತೆಗೆದುಕೊಳ್ಳುತ್ತ ನಗುವುದು ಮಾತ್ರ ಕೇಳಿಸುತ್ತಿತ್ತು. ಕೈಪಿಡಿಯಲ್ಲಿ ಮೌನವನ್ನು ಗೌರವಿಸಿ ಎಂದು ಬರೆದಿತ್ತು. ನಾನು ಗೌರವಿಸಿದೆ. ಗೌರವಿಸುವುದರಲ್ಲಿ ಏಳೆಂಟು ನಿಮಿಷ ಹೋಯಿತು.

ಆಗ ಎದ್ದವಳು ಸಿಂಚನ. ಭೀಮನಬೀಡಿನಿಂದ ಬರುವ ಹುಡುಗಿ, ರೋಲ್ ನಂಬರ್ ಮೂವತ್ತೊಂದು, ಮೂರನೆಯ ಬೆಂಚು. ಶಾಲೆ ಶುರುವಾದಾಗಿನಿಂದ ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅವಳ ಧ್ವನಿ ಕೇಳಿದ ನೆನಪು ನನಗಿಲ್ಲ. ಬೆಳಿಗ್ಗೆ ಎದ್ದರೆ ಎದೆ ಡವಗುಟ್ಟುತ್ತದೆ ಎಂದಳು. ನಾನು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು, ಹೊಟ್ಟೆ ತೊಳಸುತ್ತದೆ, ತಿಂದದ್ದು ನಿಲ್ಲುವುದಿಲ್ಲ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಹುಡುಗಿಯ ಸಂಕಟಕ್ಕೆ ಖುಷಿಪಟ್ಟೆ ಎಂದು ತಪ್ಪು ತಿಳಿಯಬೇಡಿ. ಅವಳು ಹೇಳಿದ್ದು ಕೈಪಿಡಿಯಲ್ಲಿ ಆತಂಕದ ಲಕ್ಷಣಗಳೆಂದು ಕೊಟ್ಟ ಪಟ್ಟಿಯಲ್ಲಿ ಸಾಲಾಗಿ ಇತ್ತು. ದಿನಾ ಹೀಗಾಗುತ್ತದೆಯೋ, ಯಾವಾಗಲಾದರೊಮ್ಮೆಯೋ ಎಂದು ಕೇಳಿದೆ. ಅವಳು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ, "ಬುಧವಾರ, ಶುಕ್ರವಾರ ಜಾಸ್ತಿ ಸಾ" ಎಂದಳು.

ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿದೆ. ನನಗೆ ಗೊತ್ತಾಗಲಿಲ್ಲ. ನಾನು ಕೈಪಿಡಿ ಹೇಳಿದಂತೆ ಕಾರಣ ಹುಡುಕುವುದರಲ್ಲಿ ಬಿದ್ದೆ. ಶುಕ್ರವಾರ ಮನೆಯಲ್ಲಿ ಒಪ್ಪೊತ್ತು ಮಾಡುತ್ತಾರೇನೋ, ಹಸಿವಿಗೆ ಹೀಗಾಗುತ್ತಿರಬೇಕು. ಬುಧವಾರ ಬೆಳಗಿನ ಬಸ್ಸು ತುಂಬಿ ಬರುತ್ತದೇನೋ ಎಂದೆಲ್ಲ ಯೋಚಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರು ಮೊಬೈಲು ಹಿಡಿದು ಬಂದರು. ಕಾರ್ಯಕ್ರಮ ನಡೆಯಿತು ಎಂಬುದಕ್ಕೆ ಜಾಗ, ಸಮಯ ಎರಡೂ ಮೂಡುವ ಫೋಟೋ ಅದೇ ದಿನ ಕಳಿಸಬೇಕಿತ್ತು. ನಾನು ಬೋರ್ಡಿನ ಮುಂದೆ ನಿಂತೆ, ಮಕ್ಕಳು ಸುತ್ತ ನಿಂತರು. ಕ್ಲಾಸ್ ಲೀಡರ್ ಭೂಮಿಕಾ ಮಾತ್ರ ಬೋರ್ಡಿನ ಮೂಲೆಯಲ್ಲಿ ಏನೋ ಬರೆಯುತ್ತಿದ್ದಳು. ದಿನಾಂಕ ಬರೆಯುತ್ತಿದ್ದಾಳೆ ಎಂದುಕೊಂಡೆ. ಫೋಟೋ ಆಯಿತು, ಗಂಟೆ ಹೊಡೆಯಿತು, ನಾನು ವರದಿ ತುಂಬಲು ಕಚೇರಿಗೆ ಹೋದೆ.

ಸಂಜೆ ಫೋಟೋ ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಬಂದು, ಹೆಬ್ಬೆರಳುಗಳೂ ಚಪ್ಪಾಳೆಗಳೂ ಸಾಲಾಗಿ ಬಿದ್ದವು. ಮೇಲಿನ ಅಧಿಕಾರಿಯೊಬ್ಬರು ಅತ್ಯುತ್ತಮ ಎಂದು ಹಾಕಿದ್ದರು. ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ನೀವು ಚೆನ್ನಾಗಿ ಬಂದಿದ್ದೀರಿ, ಆದರೆ ನಿಮ್ಮ ಹೆಗಲ ಹಿಂದೆ ಸಿಂಚನ ಅಂತ ಬರೆದು ಮುಂದೆ ಮೂರು ಇಂಟು ಗುರುತು ಹಾಕಿದ್ದಾರಲ್ಲ, ಅದೇನು ಲೆಕ್ಕ ಎಂದಳು. ನಾನು ಫೋಟೋ ಹಿಗ್ಗಿಸಿ ನೋಡಿದೆ. ಬೋರ್ಡಿನ ನಡುವೆ ದೊಡ್ಡದಾಗಿ ಮಾನಸಿಕ ಆರೋಗ್ಯ. ಮೂಲೆಯಲ್ಲಿ, ಅಡಿಗೆರೆ ಎಳೆದು, ಮಾತಾಡಿದವರು. ಅದರ ಕೆಳಗೆ ಪರೀಕ್ಷೆಗೆ ಬರುತ್ತದಾ ಎಂದು ಕೇಳಿದ ಹುಡುಗನ ಹೆಸರು, ಒಂದು ಇಂಟು. ಅದರ ಕೆಳಗೆ ಸಿಂಚನ.

ತರಗತಿಯಲ್ಲಿ ಗಲಾಟೆ ಮಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯುವುದು, ಮಾತಾಡಿದ ಪ್ರತಿ ಸಲಕ್ಕೂ ಹೆಸರಿನ ಮುಂದೆ ಒಂದೊಂದು ಇಂಟು ಹಾಕುತ್ತ ಹೋಗುವುದು ನಾವೆಲ್ಲ ಓದಿದ ಶಾಲೆಗಳಲ್ಲೂ ಇದ್ದದ್ದೇ. ಮಾರನೆಯ ದಿನ ಭೂಮಿಕಾಳನ್ನು ಕರೆದು, ಅದು ಮಾತಾಡಲೆಂದೇ ಇದ್ದ ಪಿರೀಡಲ್ಲವೇನಮ್ಮ ಎಂದು ಕೇಳಿದೆ. ಅವಳು ಸ್ವಲ್ಪವೂ ಅಳುಕಲಿಲ್ಲ. "ನೀವೇ ಅಲ್ವಾ ಸಾ ಹೇಳಿದ್ದು, ಮೇಷ್ಟ್ರು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ, ಬಾಯಿ ಬುಟ್ಟೋರ ಹೆಸ್ರು ಬೋರ್ಡ್ ಮೇಲೆ ಇರ್ಬೇಕು ಅಂತ. ಅವ್ಳು ಮೂರು ಸಲ ಮಾತಾಡುದ್ಲು." ಹೇಳಿದ್ದೆ. ಜೂನ್ ತಿಂಗಳಲ್ಲಿ ನಾನೇ ಹೇಳಿದ್ದೆ. ಪಿ.ಟಿ. ಮೇಷ್ಟ್ರ ಹತ್ತಿರ ಹೋದರೆ ಅವರದೂ ತಪ್ಪಿಲ್ಲ. ಆಟದ ಪಿರೀಡಿಗೆ ಮಕ್ಕಳನ್ನು ಕರೆಯಲು ಹೋದಾಗ ಬೋರ್ಡಿನ ಮೇಲೆ ಪಟ್ಟಿ ಇತ್ತು; ಇಂಟುವಿಗೊಂದು ಸುತ್ತಿನಂತೆ ಎಂದಿನ ಹಾಗೆ ಮೈದಾನ ಓಡಿಸಿದ್ದರು. ಮೂರು ಸುತ್ತು ಓಡಿದವಳು ಅವಳೊಬ್ಬಳೇ. ಎಲ್ಲರೂ ನಿಂತು ನೋಡಿದ್ದರು. ಮನಸ್ಸು ಬಿಚ್ಚಿ ಮಾತಾಡು ಎಂದು ಹೇಳಿ, ಮಾತಾಡಿದ್ದಕ್ಕೆ ಓಡಿಸಿದ ಶಾಲೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಅತ್ಯುತ್ತಮ ಎಂಬ ಷರಾ ನಮಗೇ ಬಂದಿತ್ತು.

ಆ ಶುಕ್ರವಾರ ಸಿಂಚನ ಶಾಲೆಗೆ ಬರಲಿಲ್ಲ. ಶನಿವಾರವೂ ಇಲ್ಲ. ಮುಂದಿನ ವಾರ ಬುಧವಾರದವರೆಗೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸೊನ್ನೆಗಳು ಸಾಲುಗಟ್ಟಿದವು. ವಿಚಾರಿಸಿದಾಗ, ಅವಳು ಅವ್ವನ ಜೊತೆ ಚೆಂಡುಹೂ ಕೀಳಲು ಹೋಗುತ್ತಿದ್ದಾಳೆ ಎಂದು ಭೂಮಿಕಾ ಹೇಳಿದಳು. ಓಣಂ ಹತ್ತಿರವಾಗಿತ್ತು, ನಮ್ಮ ಕಡೆಯ ಹೂವೆಲ್ಲ ಲಾರಿ ಹತ್ತಿ ಕೇರಳಕ್ಕೆ ಹೋಗುವ ಕಾಲ, ಎಷ್ಟು ಕೈ ಇದ್ದರೂ ಸಾಲದು. ಇಲ್ಲಿ ನನಗೆ ನಿಜವಾಗಿ ಭಯವಾಯಿತು. ಒಂಬತ್ತನೆಯದರಲ್ಲಿ ಶಾಲೆ ಬಿಟ್ಟು ಮತ್ತೆ ಬಂದ ಹುಡುಗಿಯರನ್ನು ಒಬ್ಬಿಬ್ಬರನ್ನಾದರೂ ಕಂಡಿದ್ದೇನೆ. ಹತ್ತನೆಯದರ ನಡುವೆ ಹೊಲಕ್ಕೆ ಇಳಿದವಳು ಮತ್ತೆ ಬೆಂಚಿಗೆ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ಒಮ್ಮೆಯೂ ಕಂಡಿಲ್ಲ. ಬಾಯಿ ಬಿಟ್ಟ ಒಂದೇ ದಿನಕ್ಕೆ ಒಬ್ಬಳು ಓದು ಬಿಡುವಂತಾದರೆ ಅದರ ಪಾಪ ಹೊರುವುದಕ್ಕೆ ಯಾವ ತರಬೇತಿಯೂ ಇಲ್ಲ. ಗುರುವಾರ ಸಂಜೆ ಶಾಲೆ ಬಿಟ್ಟ ಮೇಲೆ ಭೂಮಿಕಾಳನ್ನು ಜೊತೆ ಮಾಡಿಕೊಂಡು ಭೀಮನಬೀಡಿಗೆ ಹೊರಟೆ. ಅವಳದೂ ಅದೇ ಊರು.

ಸಿಂಚನಳ ಅಪ್ಪ ತರಕಾರಿ ಟೆಂಪೋ ಓಡಿಸುವವರು, ಊರಿನಲ್ಲಿರಲಿಲ್ಲ. ಅವ್ವ ಇನ್ನೂ ಹೊಲದಿಂದ ಬಂದಿರಲಿಲ್ಲ. ಜಗಲಿಯ ಮೇಲೆ ಅಜ್ಜಿಯೊಬ್ಬರೇ ಅಲಸಂದೆ ಕಾಯಿ ಬಿಡಿಸುತ್ತ ಕುಳಿತಿದ್ದರು. ಭೂಮಿಕಾ ಅವರ ಹತ್ತಿರ ಹೋಗಿ, ಇವರು ನಮ್ಮ ಶಾಲೆಯಲ್ಲಿ ಮನಸ್ಸಿನ ಬಗ್ಗೆ ಪಾಠ ಮಾಡೋ ಸಾರು ಎಂದು ಪರಿಚಯ ಹೇಳಿದಳು. ಗಣಿತದ ವಿಷಯ ಎತ್ತಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ ಇವತ್ತಿಗೂ ನನಗೆ ತಿಳಿಯದು. ಲೀಡರ್ ಆಗುವವರಿಗೆ ಆ ಬುದ್ಧಿ ಇರುತ್ತದೆ. ಅಜ್ಜಿ ಮುಖವರಳಿಸಿ ಚಾಪೆ ಹಾಕಿದರು. ನಾನು ಕೂರುವಾಗ ಬಾಗಿಲಿನ ಪರದೆಯ ಕೆಳಗೆ ಎರಡು ಪಾದಗಳು ಕಂಡವು, ಹೂವಿನ ಹೊಲದ ಮಣ್ಣು ಇನ್ನೂ ಆರಿರಲಿಲ್ಲ.

"ನಿಮ್ಮಂತೋರೇ ಬೇಕಿತ್ತು ಕನಿ ಮೇಷ್ಟ್ರೆ ನಮ್ ಕೂಸ್ಗೆ" ಎಂದು ಅಜ್ಜಿ ಶುರು ಮಾಡಿದರು. "ಓಡ್ಸುದ್ದು ಬುಡಿ, ಅದು ಒಂದಿನದ್ದು. ಆ ಇಸ್ಕೂಲಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ಅವ್ನಂತೆ. ಒಡಿಯಾಕಿಲ್ಲ, ಬಯ್ಯಾಕಿಲ್ಲ. ಬೋರ್ಡ್‌ತಕ್ಕೆ ಕರ್ದು ನಿಲ್ಸ್‌ಬುಟ್ಟು ಸುಮ್ಕೆ ನೋಡ್ಕಂಡು ನಿಂತ್ಕತಾನಂತೆ. ಲೆಕ್ಕ ಬಂದ್ರೂ ಅಂಗೇ, ಬರ್ದಿದ್ರೂ ಅಂಗೇ. ಬುಧವಾರ, ಸುಕ್ರವಾರ ಬಂದ್ರೆ ಸಾಕು, ಕೂಸು ತಿಂದಿದ್ದ ಕಕ್ಬುಡ್ತದೆ."

ನಾನು ಒಂದು ಅಲಸಂದೆ ಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ. ಇಪ್ಪತ್ತಾರು ವರ್ಷ ಮೃದು ಸ್ವಭಾವ ಎಂದು ನಾನು ನಂಬಿಕೊಂಡು ಬಂದದ್ದನ್ನು ಅಜ್ಜಿ ಎರಡು ಮಾತಿನಲ್ಲಿ ಸಿಪ್ಪೆ ಬಿಡಿಸಿ ಮೊರಕ್ಕೆ ಹಾಕಿದ್ದರು. ಎಷ್ಟೋ ವರ್ಷದ ಎಷ್ಟೋ ರೋಲ್ ನಂಬರುಗಳು ನೆನಪಾದವು. ಮುಖಗಳು ನೆನಪಾಗಲಿಲ್ಲ, ನಾನು ನೋಡುತ್ತಿದ್ದುದು ಅವರ ಬೆನ್ನನ್ನು. ನಾಚಿಕೆಯಾಯಿತು. ಆದರೂ ಮನುಷ್ಯ ತನ್ನ ಪರವಾಗಿ ಒಂದು ಸಾಕ್ಷಿಯನ್ನಾದರೂ ಹುಡುಕುತ್ತಾನೆ ನೋಡಿ. ಆ ಮೇಷ್ಟ್ರು ಅಷ್ಟು ಕೆಟ್ಟವರಾ ಅಜ್ಜಿ ಎಂದು ಮೆಲ್ಲಗೆ ಕೇಳಿದೆ.

"ಕೆಟ್ಟೋನಲ್ಲ ಅಂತದೆ ಕೂಸು. ಅವ್ನ್‌ಗೆ ಮಾತಾಡಕ್ಕೇ ಬರಾಕಿಲ್ಲ ಅಂತದೆ. ಪಾಪ, ಅವನ್ ಮನ್ಸಲ್ಲಿ ಏನದೋ." ಅಜ್ಜಿ ನನ್ನ ಮೊಣಕಾಲು ತಟ್ಟಿದರು. "ನೀವು ಮನ್ಸಿನ್ ಪಾಠ ಮಾಡೋರು. ಮಕ್ಳಿಗೆ ಆಮೇಲ್ ಮಾಡೀರಿ, ಮೊದ್ಲು ವಸಿ ಅವ್ನ್‌ಗೆ ಏಳ್ಕೊಡಿ."

ಆ ಮೇಷ್ಟ್ರು ನಾನೇ ಎಂದು ಹೇಳಬಹುದಿತ್ತು. ಧೈರ್ಯವಿದ್ದವರು ಹೇಳುತ್ತಿದ್ದರು. ನಾನು, ಆಗಲಿ ಅಜ್ಜಿ, ಅವರ ಹತ್ತಿರ ಮಾತಾಡ್ತೀನಿ ಎಂದೆ. ಭೂಮಿಕಾ ಮುಖ ಆ ಕಡೆ ತಿರುಗಿಸಿಕೊಂಡು ಕೋಳಿಗಳನ್ನು ಎಣಿಸುತ್ತಿದ್ದಳು.

ಪರದೆ ಸರಿಯಿತು. ಸಿಂಚನ ಲೋಟದಲ್ಲಿ ಕಾಫಿ ತಂದು ನನ್ನ ಮುಂದೆ ಇಟ್ಟಳು. ಈಗ ಗುಟ್ಟು ರಟ್ಟಾಗುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಅಜ್ಜಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಗೋಡೆಗೆ ಒರಗಿ ನಿಂತಳು. ಆ ಪಟ್ಟಿಯಲ್ಲಿ ನಿನ್ನ ಹೆಸರು ಬಂದದ್ದು ನನ್ನ ತಪ್ಪಮ್ಮ, ಇನ್ನು ಆ ಪಟ್ಟಿ ಇರುವುದಿಲ್ಲ, ಸೋಮವಾರ ಬಾ ಎಂದೆ. ಅವಳು ಅಳೆದೂ ಸುರಿದೂ ಕೇಳಿದಳು.

"ಆ ಸಾರು ಬುಧವಾರ ಬೋರ್ಡ್‌ಗೆ ಕರೀತಾರಾ ಸಾ?"

"ಕರೆಯಲ್ಲ. ನಾನು ಹೇಳ್ತೀನಿ ಅವರಿಗೆ."

"ನನ್ನ ಒಬ್ಳನ್ನೇನಾ, ಎಲ್ರನ್ನೂನಾ?"

ಅವಳೊಬ್ಬಳನ್ನು ಬಿಟ್ಟು ಉಳಿದ ಮೂವತ್ತೇಳು ನಂಬರುಗಳನ್ನು ಎಂದಿನಂತೆ ಕರೆಯಬಹುದೆಂದೇ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಯಾರನ್ನೂ ಕರೆಯುವುದಿಲ್ಲ, ಬರುತ್ತೇನೆ ಎಂದವರು ಬರಲಿ ಎನ್ನುತ್ತಾರೆ ಎಂದೆ.

"ಸುಮ್ನೆ ನೋಡ್ತಾ ನಿಂತ್ಕಳದು ಸಾ?"

"ಅದು ಸ್ವಲ್ಪ ಕಷ್ಟ. ಅವರ ಮುಖ ಇರೋದೇ ಹಾಗೆ."

ಅವಳ ತುಟಿಯ ಮೂಲೆ ಒಂಚೂರು ಅಲುಗಿತು. ಮುಖ ಎಂಗಾದ್ರೂ ಇರ್ಲಿ, ಬಾಯಿ ಬುಟ್ಟು ಒಂದು ಮಾತಾಡ್ಲಿ ಎಂದು ಅಜ್ಜಿ ತೀರ್ಪು ಕೊಟ್ಟರು. ಹೊರಡುವಾಗ ನನಗೆ ಒಂದು ಚೀಲದಲ್ಲಿ ಅಲಸಂದೆ ಕಾಯಿಯನ್ನೂ, ಆ ಲೆಕ್ಕದೋನಿಗೂ ಕೊಡಿ ಎಂದು ಇನ್ನೊಂದು ಚೀಲವನ್ನೂ ಕೊಟ್ಟರು. ಎರಡನ್ನೂ ತೆಗೆದುಕೊಂಡೆ.

ಮಾರನೆಯ ದಿನ ಶುಕ್ರವಾರ, ನಾನು ರಜೆ ಹಾಕಿದೆ. ತಲೆನೋವು ಎಂದು ಅರ್ಜಿಯಲ್ಲಿ ಬರೆದೆ. ಸೋಮವಾರ ಬೆಳಿಗ್ಗೆ ಹಾಜರಿ ಕರೆಯುವಾಗ ಮೂವತ್ತೊಂದಕ್ಕೆ ಬಂದು ಒಂದು ಕ್ಷಣ ನಿಲ್ಲಿಸಿದೆ. ಮೂರನೆಯ ಬೆಂಚಿನಿಂದ ಎಸ್ ಸಾರ್ ಎಂಬ ಧ್ವನಿ ಬಂತು. ನಾನು ಗುರುತು ಹಾಕಿ ಮೂವತ್ತೆರಡಕ್ಕೆ ಹೋದೆ. ಪುಸ್ತಕದಲ್ಲಿ ನೋಡಿದರೆ ಆ ಗುರುತು ಬೇರೆಯವರದ್ದಕ್ಕಿಂತ ದಪ್ಪಗಿದೆ, ಪೆನ್ನು ಒತ್ತಿರಬೇಕು.

ಬುಧವಾರ ಬಂತು. ಮೊದಲನೇ ಪಿರೀಡು. ನಾನು ಒಳಗೆ ಹೋದೊಡನೆ ಮೂವತ್ತೆಂಟು ಜನ ಉಸಿರು ಬಿಗಿಹಿಡಿದು ಕೂತರು. ಇಷ್ಟು ವರ್ಷ ಅದನ್ನು ನಾನು ಶಿಸ್ತು ಎಂದು ಕರೆಯುತ್ತಿದ್ದೆ. ಇವತ್ತು ಯಾರನ್ನೂ ಕರೆಯಲ್ಲ ಎಂದೆ. ಅಲ್ಲಿಗೆ ನಾನು ಹಿಂದಿನ ದಿನವೆಲ್ಲ ಯೋಚಿಸಿಟ್ಟುಕೊಂಡಿದ್ದ ಮಾತು ಮುಗಿಯಿತು. ಮುಂದಿನದು ಹೊಳೆಯಲೇ ಇಲ್ಲ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದೇನೆ. ಮಕ್ಕಳೆಲ್ಲ ಕೈಕಟ್ಟಿ ಸುಮ್ಮನೆ ನನ್ನನ್ನೇ ನೋಡುತ್ತಿದ್ದಾರೆ. ಬೈಯುತ್ತಿಲ್ಲ, ನಗುತ್ತಿಲ್ಲ, ನೋಡುತ್ತಿದ್ದಾರೆ, ಅಷ್ಟೆ. ಎಷ್ಟು ಹೊತ್ತಾಯಿತೋ. ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಆಗ ಮೂರನೆಯ ಬೆಂಚಿನಲ್ಲಿ ಸಿಂಚನ ಎದ್ದು ನಿಂತಳು.

"ಏನಾರ ಮಾತಾಡಿ ಸಾ. ತಪ್ಪಾದ್ರೂ ನಾವೇನೂ ಅನ್ಕೊಳಲ್ಲ."

ಇದೇ ಮಾತು ಕೈಪಿಡಿಯಲ್ಲಿದೆ, ಮಕ್ಕಳಿಗೆ ಹೇಳಿ ಎಂದು ಕೊಟ್ಟಿದ್ದಾರೆ. ನಾನು ಹೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ: ಬೆಳಿಗ್ಗೆ ಎಲ್ಲರೂ ಏನು ತಿಂದು ಬಂದ್ರಿ? ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಬ್ಬ ಚಿತ್ರಾನ್ನ ಎಂದ, ಇನ್ನೊಬ್ಬಳು ಉಪ್ಪಿಟ್ಟು ಎಂದಳು, ತಂಗಳು ಮುದ್ದೆ ಎಂದು ಹಿಂದಿನಿಂದ ಯಾರೋ ಕೂಗಿದರು, ಏನೂ ಇಲ್ಲ ಎಂದು ಇಬ್ಬರು ಹೇಳಿದರು. ಒಂದು ಪ್ರಶ್ನೆಗೆ ಒಂದೇ ಉತ್ತರ ಒಪ್ಪಿಕೊಂಡು ಬಂದವನು ನಾನು. ಅಷ್ಟೂ ಉತ್ತರಗಳನ್ನು ಸರಿ ಎನ್ನಬೇಕಾಯಿತು. ಭೂಮಿಕಾ ಮಾತ್ರ ಯಾರ ಹೆಸರನ್ನೂ ಬರೆಯುವಂತಿಲ್ಲದೆ ಪೆನ್ನು ಹಿಡಿದು ಕಷ್ಟದಲ್ಲಿದ್ದಳು. ಎಲ್ಲರೂ ಮುಗಿಸಿದ ಮೇಲೆ ಸಿಂಚನಳ ಸರದಿ ಬಂತು.

"ಎರಡು ರೊಟ್ಟಿ ಸಾ" ಎಂದಳು. ಸ್ವಲ್ಪ ತಡೆದು, "ಇನ್ನೂ ಒಳ್ಗೇ ಅವೆ" ಎಂದಳು. "ನಿಮ್ದು ಸಾ?"

ನಂದೂ ಆಯ್ತಮ್ಮ, ಇಡ್ಲಿ ಎಂದೆ. ಇಡ್ಲಿ ಮಾಡಿದ್ದು ನಿಜ. ಹೆಂಡತಿ ತಟ್ಟೆಗೆ ಹಾಕಿಕೊಟ್ಟದ್ದೂ ನಿಜ. ಆದರೆ ಅವತ್ತು ಬುಧವಾರವಲ್ಲವೇ, ಬೆಳಿಗ್ಗೆ ಎದ್ದಾಗಿನಿಂದ ಎದೆ ಡವಗುಟ್ಟುತ್ತಿತ್ತು. ಒಂದು ತುತ್ತೂ ಇಳಿದಿರಲಿಲ್ಲ.